ಹಳೆ ಕಬ್ಬಿಣದ ಕೂಲರ್, ಸವಳು ನೀರು ಮತ್ತು ಎರಡು ಸೆನ್ಸರ್

ಹುಬ್ಬಳ್ಳಿಯಲ್ಲಿ ಕೂಲರ್ ಬಗ್ಗೆ ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. "ಕೂಲರ್ ಇದ್ರ ಏಸಿ ಯಾಕ್ರಿ ಬೇಕು" ಅನ್ನುವವರು ಒಂದು ಕಡೆ. "ಮೈಯೆಲ್ಲಾ ಅಂಟಂಟು ಆಗತೈತಿ, ಬ್ಯಾಡೇ ಬ್ಯಾಡ" ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ನಿಜವೇ. ಮೊದಲನೆಯವರು ಮಾರ್ಚ್, ಏಪ್ರಿಲ್ ನೆನಪಿಟ್ಟುಕೊಂಡು ಹೇಳುತ್ತಾರೆ. ಎರಡನೆಯವರು ಅಡ್ಡಮಳೆ ಶುರುವಾದ ಮೇಲಿನ ಮೇ ತಿಂಗಳು ನೆನಪಿಟ್ಟುಕೊಂಡು ಹೇಳುತ್ತಾರೆ. ಯಾವ ದಿನ ಯಾರ ಮಾತು ಸರಿ ಅಂತ ಕೂಲರ್‌ಗೇ ಗೊತ್ತಾಗುವ ಹಾಗೆ ಮಾಡಬೇಕು ಅನ್ನೋದು ಈ ಬೇಸಿಗೆಯ ನನ್ನ ಕೆಲಸವಾಗಿತ್ತು. ಅದಕ್ಕೂ ಮೊದಲು ಕೂಲರ್ ತಿರುಗಬೇಕಲ್ಲ.

ಕೂಲರ್ ಅಪ್ಪ ತಂದಿದ್ದು. ತಗಡಿನ ಮೈ, ಮೂರು ಕಡೆ ಹುಲ್ಲಿನ ಜಾಳಿಗೆ, 18 ಇಂಚಿನ ಫ್ಯಾನ್, ಕೆಳಗೆ ಸುಮಾರು 60 ಲೀಟರ್ ಹಿಡಿಯುವ ತೊಟ್ಟಿ. ಹೋಳಿ ಹುಣ್ಣಿಮೆ ಮುಗಿದು ರಂಗಿನ ಕಲೆ ಇನ್ನೂ ಅಂಗಳದಿಂದ ಹೋಗುವ ಮೊದಲೇ ಅದನ್ನು ಮಾಳಿಗೆಯಿಂದ ಇಳಿಸಿದೆ. ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗೋದಿಲ್ಲ. ಪಂಪ್ ನೀರು ಎತ್ತೋದಿಲ್ಲ. ಹುಲ್ಲು ಸುಣ್ಣಗಟ್ಟಿ ಹಲಗೆಯಷ್ಟು ಗಟ್ಟಿಯಾಗಿದೆ. ತೊಟ್ಟಿಯ ಒಂದು ಮೂಲೆಯಲ್ಲಿ ತುಕ್ಕು. ಪ್ಲಾಸ್ಟಿಕ್ ಮೈಯ ಹೊಸದನ್ನೇ ತಂದುಬಿಡಿ ಅಂತ ಮನೆಯಲ್ಲಿ ಹೇಳಿದರು. ಆದರೆ ಈ 18 ಇಂಚಿನ ಪಂಕ ಎಸೆಯುವ ಗಾಳಿಯನ್ನು ಇವತ್ತಿನ ಸಣ್ಣ ಕೂಲರ್‌ಗಳು ಎಸೆಯೋದಿಲ್ಲ. ತಗಡೂ ದಪ್ಪಗಿದೆ, ಮೊಳೆ ಹೊಡೆದರೂ ಬಾಗೋದಿಲ್ಲ. ಅದೂ ಅಲ್ಲದೆ ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಬಿಚ್ಚಿ ಕೂರೋದಕ್ಕೆ ನನಗೂ ಏನಾದರೂ ಬೇಕಲ್ವಾ.

ಮೋಟಾರಿನಿಂದ ಶುರು. ಗುಂಯ್ ಅಂತ ಸದ್ದು ಬಂದು ತಿರುಗದಿದ್ದರೆ, ಕೋಲಿನಿಂದ ಒಮ್ಮೆ ತಳ್ಳಿದ ಕೂಡಲೇ ಓಡಿದರೆ, ಸಾಮಾನ್ಯವಾಗಿ ಕೆಪಾಸಿಟರ್ ಹೋಗಿರುತ್ತದೆ, ಮೋಟಾರ್ ಸುಟ್ಟಿರೋದಿಲ್ಲ. ಮನೆಯ ಸಿಂಗಲ್ ಫೇಸ್ ಕರೆಂಟ್ ತಾನಾಗಿ ತಿರುಗುವ ಕಾಂತಕ್ಷೇತ್ರ ಕೊಡೋದಿಲ್ಲ. ಮೋಟಾರಿನ ಎರಡನೇ ತಂತಿಸುರುಳಿಗೆ ಕೆಪಾಸಿಟರ್ ಮೂಲಕ ಕರೆಂಟ್ ಸ್ವಲ್ಪ ಮುಂದೆ ಹೋಗಿ ಸೇರುತ್ತದೆ, ಆ ಹೆಚ್ಚುಕಡಿಮೆಯಿಂದಲೇ ಸುತ್ತು ಹುಟ್ಟೋದು. ಕೆಪಾಸಿಟರ್ ಇಲ್ಲದಿದ್ದರೆ ನೀವು ಯಾವ ಕಡೆ ತಳ್ಳುತ್ತೀರೋ ಆ ಕಡೆ ಓಡುತ್ತದೆ. ಉಲ್ಟಾ ತಳ್ಳಿದರೆ ಉಲ್ಟಾ! ಗಾಳಿ ಕೋಣೆಯಿಂದ ಹೊರಗೆ ಹೋಗುತ್ತಾ ಇರುತ್ತದೆ, ಕೂಲರ್ ಓಡ್ತಾ ಇದೆ ಅಂತ ನಾವು ಎದುರಿಗೆ ಕೂತಿರುತ್ತೇವೆ.

ಪ್ಲಗ್ ಕಿತ್ತು, ಕೆಪಾಸಿಟರಿನ ಎರಡು ತಂತಿಗಳನ್ನು ಒಂದು ರೆಸಿಸ್ಟರ್ ಮೂಲಕ ಮುಟ್ಟಿಸಿ ಖಾಲಿ ಮಾಡಿ, ಮೀಟರ್ ಇಟ್ಟೆ. ಮೇಲೆ ಬರೆದದ್ದು 4 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 2.3. ಇವು ಒಮ್ಮೆಲೇ ಸಾಯೋದಿಲ್ಲ. ಒಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಎಲ್ಲಾದರೂ ಕಿಡಿ ಹಾರಿದರೆ ಆ ಜಾಗದ ಲೋಹದ ಲೇಪ ಸುಟ್ಟುಹೋಗಿ ದೋಷ ತಾನೇ ಮುಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಸ್ವಲ್ಪ ಮೈಕ್ರೋಫ್ಯಾರಡ್ ಕಳೆದುಕೊಳ್ಳುತ್ತದೆ. ಹೋದ ವರ್ಷ "ಫ್ಯಾನ್ ಯಾಕೋ ನಿಧಾನ ಆಗೈತಿ" ಅಂತ ಅವ್ವ ಹೇಳುತ್ತಿದ್ದಳು. ಅದಕ್ಕೆ ಕಾರಣ ಈಗ ಗೊತ್ತಾಯಿತು. ದಾಜಿಬಾನ ಪೇಟೆಯ ಅಂಗಡಿಯಲ್ಲಿ ಹಳೆಯದನ್ನು ತೋರಿಸಿದರೆ ಹುಡುಗ ತಿರುಗಿಸಿಯೂ ನೋಡಲಿಲ್ಲ. "ಸರ, ಎರಡೂವರಿ ಒಯ್ತೀರೋ ನಾಕು ಒಯ್ತೀರೋ" ಅಂದ. ಹಳೆಯದರ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಹಾಕಬೇಕು. ಜಾಸ್ತಿ ಹಾಕಿದರೆ ಜೋರಾಗಿ ತಿರುಗುತ್ತದೆ ಅಂತ ಕೆಲವರು ಹೇಳುತ್ತಾರೆ, ಮೋಟಾರ್ ಬಿಸಿಯಾಗೋದು ಮಾತ್ರ ಗ್ಯಾರಂಟಿ. ಎರಡು ತಂದೆ, ಒಂದು ಮುಂದಿನ ಸಲಕ್ಕೆ.

ಬುಷ್‌ಗಳಿಗೆ, ಅಂದರೆ ಮೋಟಾರಿನ ಕಂಬಿ ತಿರುಗುವ ಬಳೆಗಳಿಗೆ, ಹೊಲಿಗೆ ಮಷೀನಿನ ಎಣ್ಣೆ ನಾಲ್ಕು ಹನಿ. ಕೊಬ್ಬರಿ ಎಣ್ಣೆ ಹಾಕು ಅಂತ ಹೇಳುವವರು ಎಲ್ಲ ಮನೆಯಲ್ಲೂ ಒಬ್ಬರು ಇರುತ್ತಾರೆ. ಹಾಕಬೇಡಿ. ಬೇಸಿಗೆಯ ಬಿಸಿ ಮತ್ತು ಧೂಳಿನಲ್ಲಿ ಅದು ಜಿಡ್ಡುಗಟ್ಟಿ ಮುಂದಿನ ವರ್ಷ ಬುಷ್ ಹಿಡಿದುಕೊಂಡಿರುತ್ತದೆ.

ಪಂಪಿನ ಕಥೆ ಬೇರೆ. 18 ವ್ಯಾಟಿನ ಮುಳುಗುವ ಪಂಪ್ ಅದು. ಮುಂದಿನ ಮುಚ್ಚಳ ತೆಗೆದು ಒಳಗಿನ ಕಾಂತದ ರೋಟರ್ ಎಳೆದರೆ ಬರಲಿಲ್ಲ, ಬಿಳಿ ಸುಣ್ಣ ಸುತ್ತಲೂ ಕಚ್ಚಿ ಹಿಡಿದಿತ್ತು. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹಾಕಿ ನೆನೆಯಿಟ್ಟೆ. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ, ಶರಬತ್ತಿಗೆ ಹಾಕುವುದೇ. ಹಾಕಿದ ಕೂಡಲೇ ಸೋಡಾ ಹಾಗೆ ಗುಳ್ಳೆ ಏಳುತ್ತದೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವುದು ಅದು. ಬೆಳಿಗ್ಗೆ ರೋಟರ್ ಸಲೀಸಾಗಿ ಬಂತು, ಪಂಪ್ ಓಡಿತು, ನೀರೂ ಏರಿತು. ಆದರೂ ಆ ಪಂಪನ್ನು ಎಸೆದೆ. ಗೆಳೆಯನೊಬ್ಬ ಎಲೆಕ್ಟ್ರಿಕಲ್ ಕಂತ್ರಾಟು ಮಾಡುತ್ತಾನೆ, ಅವನ ಮೆಗ್ಗರ್ ತಂದು 500 ವೋಲ್ಟಿನಲ್ಲಿ ತಂತಿಗೂ ನೀರಿಗೂ ನಡುವಿನ ತಡೆ ಅಳೆದರೆ ಒಂದು ಮೆಗಾಓಮ್ ಕೂಡ ಬರಲಿಲ್ಲ, ಅಂದರೆ ಕರೆಂಟ್ ನೀರಿಗೆ ಸೋರುತ್ತಿದೆ. ಮೇಲಿನ ಎಪಾಕ್ಸಿ ಹೊದಿಕೆ ಬಿರುಕು ಬಿಟ್ಟಿರಬೇಕು. ಕಬ್ಬಿಣದ ತೊಟ್ಟಿ, ಅದರಲ್ಲಿ ಉಪ್ಪು ನೀರು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನೀರು ತುಂಬುವ ಮನೆಮಂದಿ. ಇಲ್ಲಿ ಉಳಿತಾಯದ ಮಾತೇ ಬೇಡ.

ಇದರ ಜೊತೆಗೇ ವೈರಿಂಗ್ ಪೂರ್ತಿ ಬದಲಾಯಿಸಿದೆ. ಹಳೆಯದಕ್ಕೆ ಎರಡು ಪಿನ್ನಿನ ಪ್ಲಗ್ ಇತ್ತು, ಅರ್ಥಿಂಗ್ ಇರಲೇ ಇಲ್ಲ. ಈಗ ಮೂರು ಎಳೆಯ ಕೇಬಲ್. ಹಸಿರು ತಂತಿಗೆ ಬಣ್ಣ ಕೆರೆದ ತಗಡಿನ ಮೇಲೆ ಹಲ್ಲಿನ ವಾಷರ್ ಹಾಕಿ ನಟ್ ಬಿಗಿದಿದ್ದೇನೆ. ಬಣ್ಣದ ಮೇಲೆ ಬಿಗಿದರೆ ಅರ್ಥಿಂಗ್ ಕೊಟ್ಟ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಆ ಸಾಕೆಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಹೋಗುವ ಕರೆಂಟಿಗೂ ಬರುವ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ, ಅಂದರೆ ಎಲ್ಲೋ ಸೋರಿದರೆ, ಅದು ಬಿದ್ದು ಕರೆಂಟ್ ಕಡಿಯುತ್ತದೆ. ಮಾಮೂಲಿ ಎಂಸಿಬಿ ಈ ಕೆಲಸ ಮಾಡೋದಿಲ್ಲ, ಅದು ಶಾರ್ಟ್ ಆದರೆ, ಲೋಡ್ ಹೆಚ್ಚಾದರೆ ಮಾತ್ರ ಬೀಳೋದು. ಕೂಲರ್‌ನಲ್ಲಿ ಏನೂ ಬದಲಾಯಿಸದಿದ್ದರೂ ಪರವಾಗಿಲ್ಲ, ಇದೊಂದು ಮಾಡಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ನೀರು ತುಂಬುವಾಗ ಪ್ಲಗ್ ಕಿತ್ತೇ ತುಂಬಿ.

ಇನ್ನು ಹುಲ್ಲು. ಮರದ ತೆಳು ಎಳೆಗಳ ಹುಲ್ಲು ಅಗ್ಗ, ಹೊಸದಿದ್ದಾಗ ವಾಸನೆಯೂ ಹಿತ. ಆದರೆ ಒಂದು ಕಡೆ ಜಗ್ಗಿ ಕೆಳಗೆ ಕೂತುಬಿಡುತ್ತದೆ. ಮೇಲೆ ಸಂದಿ ಬಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಒದ್ದೆ ಹುಲ್ಲನ್ನು ಮುಟ್ಟೋದೇ ಇಲ್ಲ. ನನಗೆ ಬೇಕಾಗಿದ್ದು ಹನಿಕೋಂಬ್ ಪ್ಯಾಡ್. ರಾಳ ಹಾಕಿ ಗಟ್ಟಿ ಮಾಡಿದ ಕಾಗದದ ಅಲೆಅಲೆ ಹಾಳೆಗಳನ್ನು ಅಂಟಿಸಿ ಮಾಡಿರುತ್ತಾರೆ. ಕೂಲರ್ ಅಂಗಡಿಯಲ್ಲಿ ಸಿಗುವುದು ತೆಳ್ಳಗಿತ್ತು. ಧಾರವಾಡದ ಕಡೆ ಪಾಲಿಹೌಸ್ ಕಟ್ಟುವವರು ಇದನ್ನೇ ದೊಡ್ಡ ಅಳತೆಯಲ್ಲಿ ಬಳಸುತ್ತಾರೆ. ಒಂದು ಕಡೆ ಗೋಡೆಯುದ್ದಕ್ಕೂ ಒದ್ದೆ ಪ್ಯಾಡ್, ಎದುರು ಕಡೆ ದೊಡ್ಡ ಫ್ಯಾನ್. ಕೋಳಿ ಶೆಡ್ಡಿನಲ್ಲೂ ಇದೇ ವ್ಯವಸ್ಥೆ. ಹಾಗೆ ಕೆಲಸ ಮಾಡುವ ಪರಿಚಯದವರ ಹತ್ತಿರ 4 ಇಂಚು ದಪ್ಪದ ಪ್ಯಾಡಿನ ಉಳಿದ ತುಂಡುಗಳು ಸಿಕ್ಕವು. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದರೆ ಬ್ರೆಡ್ಡಿನಷ್ಟು ಸುಲಭವಾಗಿ ಬರುತ್ತದೆ.

ಪ್ಯಾಡ್ ಕೂರಿಸುವಾಗ ಒಂದು ವಿಷಯ ನೋಡಲೇಬೇಕು. ಪಕ್ಕದಿಂದ ಕಣ್ಣಿಟ್ಟು ನೋಡಿದರೆ ಅಲೆಗಳು ಎರಡು ಕೋನದಲ್ಲಿ ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ. ಸಾಮಾನ್ಯವಾಗಿ ಒಂದು 45 ಡಿಗ್ರಿ, ಇನ್ನೊಂದು 15 ಡಿಗ್ರಿ. ಹೆಚ್ಚು ಕಡಿದಾದ 45ರ ಇಳಿಜಾರು ಗಾಳಿ ಒಳಬರುವ ಕಡೆಗೆ, ಅಂದರೆ ಕೂಲರಿನ ಹೊರಮೈ ಕಡೆಗೆ ಇಳಿಯಬೇಕು. ಗಾಳಿ ನೀರನ್ನು ಒಳಕ್ಕೆ ತಳ್ಳುತ್ತಾ ಇರುತ್ತದೆ, ಈ ಇಳಿಜಾರು ಅದನ್ನು ಹೊರಕ್ಕೆ ತರುತ್ತದೆ. ಎರಡೂ ಸೇರಿ ಪ್ಯಾಡ್ ಪೂರ್ತಿ ಒದ್ದೆ. ಉಲ್ಟಾ ಕೂರಿಸಿದರೆ ನೀರೆಲ್ಲ ಒಳಮೈಗೆ ಬಂದು ಫ್ಯಾನಿನ ಎದುರು ಕೂತವರ ಮುಖಕ್ಕೆ ತುಂತುರು. ಧೂಳು ಬಡಿಯುವ ಹೊರಮೈಯೂ ತೊಳೆದುಹೋಗದೆ ಒಣಗಿ ಸುಣ್ಣ ಹಿಡಿಯುತ್ತದೆ. ನೆರೆಮನೆಯ ಹೊಚ್ಚ ಹೊಸ ಕೂಲರ್‌ನಲ್ಲಿ ಮೂರರಲ್ಲಿ ಒಂದು ಪ್ಯಾಡ್ ಉಲ್ಟಾ ಇತ್ತು. ತಿರುಗಿಸಿ ಹಾಕಿದ ಮೇಲೆ ತುಂತುರು ನಿಂತಿತು. ಕಾಕಾ ಮಾತ್ರ ಇನ್ನೂ ನಂಬಿಲ್ಲ. "ನೀ ಮಂತ್ರ ಹಾಕೀದಿ" ಅನ್ನುತ್ತಾರೆ.

ಮೇಲಿನಿಂದ ನೀರು ಹನಿಸುವ ಪೈಪಿಗೆ ಅರ್ಧ ಇಂಚಿನ ಪಿವಿಸಿ, ಎರಡು ಇಂಚಿಗೊಂದು ತೂತು. ತೂತುಗಳನ್ನು ಮೇಲ್ಮುಖವಾಗಿ ಇಟ್ಟಿದ್ದೇನೆ. ಕೆಳಮುಖವಾಗಿದ್ದರೆ ಕಸ ಬಂದು ಮೊದಲು ಅಲ್ಲೇ ಕೂರುತ್ತದೆ.

ಈಗ ನೀರಿನ ಮಾತಿಗೆ ಬರೋಣ. ನನ್ನ ಕೇಳಿದರೆ ಇಡೀ ಕೆಲಸದ ತಿರುಳು ಇಲ್ಲೇ ಇದೆ. ನಮ್ಮ ಊರಿಗೆ ಸಿಹಿನೀರು ಬರೋದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ, ಸ್ವಲ್ಪ ನೀರಸಾಗರದಿಂದ. ನಮ್ಮ ಓಣಿಯಲ್ಲಿ ನಳ ದಿನಾ ಬರೋದಿಲ್ಲ. ಬಂದ ದಿನ ಟಾಕಿ, ಕೊಡ, ಬಕೆಟ್ಟು ಎಲ್ಲ ತುಂಬಿಸಿಕೊಂಡು ಮುಂದಿನ ಸಲದವರೆಗೆ ತೂಗಿಸಬೇಕು. ಅಂಥ ಮನೆಯಲ್ಲಿ ಕೂಲರ್‌ಗೆ ಕುಡಿಯುವ ನೀರು ಸುರಿಯುತ್ತೇನೆ ಅಂದರೆ ಅವ್ವ ಬಿಡುತ್ತಾಳೆಯೇ? ಹಾಗಾಗಿ ಬೋರಿನ ಸವಳು ನೀರೇ ಗತಿ. ಟಿಡಿಎಸ್ ಮೀಟರ್ ಅದ್ದಿದರೆ ನಮ್ಮ ಬೋರಿನದು 1,100 ತೋರಿಸುತ್ತದೆ, ನಳದ್ದು 200ರ ಆಸುಪಾಸು.

1,100 ಅಂದರೆ ಒಂದು ಲೀಟರಿನಲ್ಲಿ ಸುಮಾರು 1.1 ಗ್ರಾಂ ಲವಣ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ. ಏಪ್ರಿಲ್ ಮಧ್ಯಾಹ್ನ ನನ್ನ ಕೂಲರ್ ಗಂಟೆಗೆ ಹತ್ತು ಲೀಟರ್ ಕುಡಿಯುತ್ತದೆ. ಆರು ಗಂಟೆ ಓಡಿದರೆ 60 ಲೀಟರ್. ಗಾಳಿಗೆ ಹೋಗುವುದು ಬರೀ ನೀರು, ಲವಣ ಇಲ್ಲೇ ಉಳಿಯುತ್ತದೆ. ದಿನಕ್ಕೆ 66 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ ಎರಡು ಕಿಲೋ! ತೊಟ್ಟಿ ಖಾಲಿಯಾದ ಹಾಗೆಲ್ಲ ಸುಮ್ನೆ ತುಂಬಿಸುತ್ತಾ ಹೋದರೆ ಅಷ್ಟೂ ಪ್ಯಾಡಿನ ಸಂದಿಗಳಲ್ಲೇ ಕೂರಬೇಕು, ಬೇರೆ ದಾರಿಯಿಲ್ಲ. ಹಳೆಯ ಹುಲ್ಲು ಹಲಗೆಯಾಗಿದ್ದು ಹೀಗೆ.

ಇದಕ್ಕೆ ದೊಡ್ಡ ಕಾರ್ಖಾನೆಗಳ ಕೂಲಿಂಗ್ ಟವರ್‌ನಲ್ಲಿ ಮಾಡುವುದನ್ನೇ ಮಾಡಿದೆ. ನೀರು ಸುತ್ತುತ್ತಿರುವಾಗಲೇ ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತಿರಬೇಕು. 60 ಲೀಟರ್ ಆವಿಯಾಗುವ ಹೊತ್ತಿಗೆ 20 ಲೀಟರ್ ಹೊರಬಿಟ್ಟರೆ, ಒಳಗೆ ಬಂದದ್ದು 80 ಲೀಟರಿನ ಲವಣ, ಅಷ್ಟೂ 20 ಲೀಟರಿನ ಜೊತೆ ಹೊರಗೆ. ಅಂದರೆ ತೊಟ್ಟಿಯ ನೀರು ಬೋರಿನ ನೀರಿಗಿಂತ ನಾಲ್ಕು ಪಟ್ಟು ಉಪ್ಪಾಗಿ ಅಲ್ಲಿಗೇ ನಿಲ್ಲುತ್ತದೆ, ಮುಂದೆ ಏರೋದಿಲ್ಲ. ಪಂಪಿನ ಪೈಪಿಗೆ ಮೂರು ಬಾಯಿಯ ಟೀ ಜೋಡಣೆ ಹಾಕಿ ಸಲೈನ್ ಬಾಟಲಿಯ ನಳಿಕೆ ಸಿಕ್ಕಿಸಿದ್ದೇನೆ. ಅದರ ಮೇಲೆ ಹೆಬ್ಬೆರಳಿನಿಂದ ಉರುಳಿಸುವ ಚಕ್ರ ಇರುತ್ತದಲ್ಲ, ಅದೇ ನನ್ನ ವಾಲ್ವ್. ಹನಿ ಅಲ್ಲ, ದಾರದಷ್ಟು ಸಣ್ಣ ಧಾರೆ, ನಿಮಿಷಕ್ಕೆ 55 ಮಿಲಿಲೀಟರ್. ಬಕೆಟ್ಟಿಗೆ ಬೀಳುತ್ತದೆ. ಆ ನೀರು ಪಾಯಖಾನೆಗೆ, ಅಂಗಳ ತೊಳೆಯೋಕೆ. ಗಿಡಕ್ಕೆ ಮಾತ್ರ ಬೇಡ. ದಾಸವಾಳದ ಎಲೆಯ ಅಂಚು ಸುಡುತ್ತದೆ.

ಆರ್‌ಒ ಯಂತ್ರದ ವೇಸ್ಟ್ ನೀರು ಕೂಲರ್‌ಗೆ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಆರ್‌ಒಗೆ ಯಾವ ನೀರು ಕೊಡುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಬೋರಿನ ನೀರು ಕೊಟ್ಟರೆ ಅದರ ವೇಸ್ಟ್ ಬೋರಿಗಿಂತಲೂ ಉಪ್ಪು. ನಮ್ಮ ಮನೆಯಲ್ಲಿ ನಳದ ನೀರು ಕೊಡುತ್ತೇವೆ, ವೇಸ್ಟ್ 320 ಬರುತ್ತದೆ. ಬೋರಿಗಿಂತ ಎಷ್ಟೋ ವಾಸಿ. ಸಿಂಕಿಗೆ ಹೋಗುತ್ತಿದ್ದ ಅದನ್ನು ಈಗ ಕೊಡದಲ್ಲಿ ಹಿಡಿದು ಕೂಲರ್‌ಗೆ ಸುರಿಯುತ್ತೇವೆ. ಮೀಟರ್ ಅದ್ದಿ ನೋಡಿ ತೀರ್ಮಾನ ಮಾಡಿ, ಬಾಯಿಮಾತು ಬೇಡ.

ಸೊಳ್ಳೆ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಗೋಡೆ ಉಜ್ಜಬೇಕು, ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡಿರುತ್ತದೆ. ನಾವು ಶುಕ್ರವಾರ ಅಂತ ಇಟ್ಟುಕೊಂಡಿದ್ದೇವೆ, ಅವತ್ತು ಹೇಗೂ ಮನೆಯೆಲ್ಲ ಸಾರಿಸಿ ತೊಳೆಯೋದು ಇರುತ್ತದೆ.

ಇಷ್ಟಾದ ಮೇಲೆ ನನಗೆ ಇಷ್ಟವಾದ ಭಾಗ. ಕೂಲರ್ ಎಷ್ಟು ತಂಪು ಮಾಡಬಲ್ಲದು ಅನ್ನೋದು ಹೊರಗಿನ ಬಿಸಿಲಿನ ಮೇಲೆ ಮಾತ್ರ ಹೋಗೋದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಷ್ಟಕ್ಕೆ ಇಳಿಯುತ್ತದೋ ಅದು ಕೂಲರಿನ ತಳ. ಅದಕ್ಕಿಂತ ಕೆಳಗೆ ಇಂಥ ಯಾವ ಕೂಲರೂ ಹೋಗಲಾರದು, ಎಷ್ಟೇ ದುಡ್ಡು ಕೊಡಿ. ಒಣ ಅಳತೆಗೂ ಒದ್ದೆ ಅಳತೆಗೂ ನಡುವಿನ ಅಂತರವೇ ನಮ್ಮ ಬಂಡವಾಳ. ಒಳ್ಳೆ ಪ್ಯಾಡ್ ಆ ಅಂತರದ ಶೇಕಡಾ 80ರಷ್ಟನ್ನು ಹಿಡಿದುಕೊಡುತ್ತದೆ.

ಗಾಳಿಯ ತೇವ ತೋರಿಸುವ ಸೆನ್ಸರ್ ಇಟ್ಟು ಲೆಕ್ಕ ಹಾಕಬಹುದಿತ್ತು. ಆದರೆ ಅಗ್ಗದವು ಧೂಳಿಗೆ ಮತ್ತು ಸದಾ ತೇವಕ್ಕೆ ದಾರಿ ತಪ್ಪುತ್ತವೆ. ನೇರವಾಗಿ ಅಳೆಯೋದೇ ಮೇಲು ಅಂತ ಎರಡು ಡಿಎಸ್18ಬಿ20 ಉಷ್ಣಾಂಶದ ಸೆನ್ಸರ್ ತಂದೆ, ಸ್ಟೀಲ್ ಕೊಳವೆಯಲ್ಲಿ ಬರುವ ನೀರು ಹೊಗದ ಥರದವು. ಒಂದು ಹಾಗೇ. ಇನ್ನೊಂದಕ್ಕೆ ದೇವರ ಮನೆಯ ಉದ್ದ ಹತ್ತಿ ಬತ್ತಿ ಸುತ್ತಿ, ತುದಿಯನ್ನು ಸಣ್ಣ ಔಷಧಿ ಬಾಟಲಿಯ ನೀರಿನಲ್ಲಿ ಬಿಟ್ಟೆ. "ಅದಕ್ಯಾಕೋ ಬತ್ತಿ? ಕೂಲರ್‌ಗೆ ದೀಪಾ ಹಚ್ಚಾಂವೇನು?" ಅಂತ ಅವ್ವ ಕೇಳಿದಳು. ಬಾಟಲಿಗೆ ಆರ್‌ಒ ನೀರು ಹಾಕಬೇಕು, ಸವಳು ನೀರಾದರೆ ಬತ್ತಿ ಉಪ್ಪುಗಟ್ಟಿ ಅಳತೆ ಕೆಡುತ್ತದೆ. ಬತ್ತಿಯ ಮೇಲೆ ಗಾಳಿ ಬೀಸುತ್ತಿರಬೇಕು. ಆದ್ದರಿಂದ ಎರಡನ್ನೂ ಕೂಲರಿನ ಹಿಂಬದಿ, ಗಾಳಿ ಒಳನುಗ್ಗುವ ಜಾಗದಲ್ಲಿ ನೆರಳಿಗೆ ಕಟ್ಟಿದೆ. ಮೂರನೆಯದೊಂದನ್ನು ಫ್ಯಾನಿನ ಮುಂದೆ.

ಏಪ್ರಿಲಿನ ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಒಣದ್ದು 38, ಒದ್ದೆಯದು 22. ಅಂತರ 16. ಹಳೆ ಹುಲ್ಲಿನಲ್ಲಿ ಫ್ಯಾನಿನ ಮುಂದೆ 29 ಬರುತ್ತಿತ್ತು. ಹನಿಕೋಂಬ್ ಹಾಕಿದ ಮೇಲೆ ಅಂಥದೇ ಬಿಸಿಲಿನಲ್ಲಿ 25.5. ಅದೇ ಮೋಟಾರ್, ಅದೇ ಪಂಕ. ಆ ಹೊತ್ತಿಗೆ ಗದಗಿನ ಮಾವನವರ ಮನೆಯಲ್ಲಿ ಇಂಥದೇ ಜೋಡಿ ಇಟ್ಟು ನೋಡಿದರೆ 39 ಮತ್ತು 21. ಧಾರವಾಡದ ಸಪ್ತಾಪುರದ ಗೆಳೆಯನ ಮನೆಯಲ್ಲಿ 35 ಮತ್ತು 23. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್, ಅಷ್ಟರಲ್ಲೇ ಮಲೆನಾಡಿನ ಸೆರಗು ಶುರು. ಧಾರವಾಡದವರು ಕೂಲರ್ ಕಂಡರೆ ಮೂಗು ಮುರಿಯೋದಕ್ಕೆ, ಗದಗಿನವರು ಅದರ ಮುಂದೆ ಹಾಸಿಗೆ ಹಾಸೋದಕ್ಕೆ ಇದೇ ಕಾರಣ ಇರಬೇಕು.

ಹತ್ತು ಲೀಟರ್ ನೀರು ಆವಿಯಾದರೆ ಗಾಳಿಯಿಂದ ಸುಮಾರು 24 ಮೆಗಾಜೂಲ್ ಶಾಖ ಹೀರಿಕೊಳ್ಳುತ್ತದೆ. ಗಂಟೆಗೆ ಅಷ್ಟು ಅಂದರೆ 6.7 ಕಿಲೋವ್ಯಾಟ್. ಒಂದೂವರೆ ಟನ್ನಿನ ಏಸಿ ಹೀರುವ ಶಾಖ 5.3 ಕಿಲೋವ್ಯಾಟ್. ಕೂಲರ್ ತಿನ್ನುವ ಕರೆಂಟ್ ಫ್ಯಾನಿಗೆ 165 ವ್ಯಾಟ್, ಪಂಪಿಗೆ 18. ಈ ಲೆಕ್ಕ ನೋಡಿ ಕೂಲರ್ ಏಸಿಯನ್ನು ಸೋಲಿಸಿತು ಅಂತ ಕುಣಿಯಬೇಡಿ. ಏಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡುತ್ತದೆ. ಕೂಲರ್ ಹೊರಗಿನ ಗಾಳಿ ತಂದು ತಣ್ಣಗೆ ಮಾಡಿ, ಒಮ್ಮೆ ಕೋಣೆಯಲ್ಲಿ ಹಾಯಿಸಿ, ಹೊರಗೆ ಕಳಿಸಿಬಿಡುತ್ತದೆ. ಹೆಚ್ಚಿನ ತಂಪು ಕಿಟಕಿಯಿಂದ ಹೋಗುತ್ತದೆ. ಹೋಗಲೇಬೇಕು.

ಈ "ಹೋಗಲೇಬೇಕು" ಅನ್ನೋದನ್ನು ಮನೆಯಲ್ಲಿ ಒಪ್ಪಿಸೋದೇ ಕಷ್ಟ. "ಏನ್ರಿ, ತಂಪು ಗಾಳಿ ಹೊರಗ ಹೊಂಟೈತಿ, ಕಿಟಕಿ ಹಾಕ್ರಿ" ಅಂತ ಹೆಂಡತಿ. ಬಾಗಿಲು ಕಿಟಕಿ ಮುಚ್ಚಿದರೆ ಮೊದಲ ಹತ್ತು ನಿಮಿಷ ನಿಜವಾಗಿಯೂ ಹಿತ. ಆಮೇಲೆ ಕೋಣೆಯ ತೇವ ಏರುತ್ತದೆ, ಬೆವರು ಆರೋದಿಲ್ಲ, ಹಾಸಿಗೆ ತಣ್ಣಗೆ ಜೌಗು ಹಿಡಿದ ಹಾಗೆ. ವಾದ ಬೇಡ ಅಂತ ಊದಿನಕಡ್ಡಿ ಹಚ್ಚಿದೆ. ಕೂಲರ್ ಎದುರಿನ ಗೋಡೆಯ ಕಿಟಕಿ ನಾಲ್ಕು ಬೆರಳಷ್ಟು ತೆರೆದಾಗ ಹೊಗೆ ಅಲ್ಲೇ ಸುತ್ತಿ ಸುತ್ತಿ ನಿಲ್ಲುತ್ತದೆ. ಒಂದು ಬಾಗಿಲು ಪೂರ್ತಿ ತೆರೆದ ಕೂಡಲೇ ಗೆರೆ ಎಳೆದ ಹಾಗೆ ಕೋಣೆ ದಾಟಿ ಹೊರಟುಹೋಗುತ್ತದೆ. ಹಾಸಿಗೆ ಆ ಗೆರೆಯ ಮೇಲೆ ಇರಬೇಕು. ನಮ್ಮ ಮಂಚ ಮೂಲೆಯಲ್ಲಿತ್ತು, ಈಗ ನಡುವೆ ಬಂದಿದೆ. ಈ ವರ್ಷ ಮಾಡಿದ್ದರಲ್ಲಿ ಖರ್ಚಿಲ್ಲದೆ ಜಾಸ್ತಿ ಫಲ ಕೊಟ್ಟಿದ್ದು ಇದೇ.

ಎಲೆಕ್ಟ್ರಾನಿಕ್ಸ್ ಭಾಗ ಚಿಕ್ಕದು. ಒಂದು ಇಎಸ್‌ಪಿ8266 ಬೋರ್ಡ್ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಕಂಪ್ಯೂಟರ್), ಮೂರೂ ಸೆನ್ಸರ್ ಒಂದೇ ತಂತಿಯಲ್ಲಿ, ಆ ತಂತಿಗೆ 4.7 ಕಿಲೋಓಮ್ ಪುಲ್ಅಪ್ ರೆಸಿಸ್ಟರ್, ಪಂಪಿಗೆ ಒಂದು ರಿಲೇ, ಅಂದರೆ ಬೋರ್ಡ್ ಹೇಳಿದ ಹಾಗೆ ಕೇಳುವ ಸ್ವಿಚ್. ಫ್ಯಾನನ್ನು ಮುಟ್ಟಿಲ್ಲ, ಅದು ಕೈ ಸ್ವಿಚ್ಚಿನಲ್ಲೇ ಇರಲಿ. ಅಂತರ 6 ಡಿಗ್ರಿಗಿಂತ ಇಳಿದರೆ ಪಂಪ್ ಬಂದ್, ಬರೀ ಫ್ಯಾನ್. 7 ದಾಟಿದರೆ ಮತ್ತೆ ಪಂಪ್ ಚಾಲೂ. ನಡುವಿನ ಒಂದು ಡಿಗ್ರಿ ಇಲ್ಲದಿದ್ದರೆ ರಿಲೇ ಟಕಟಕ ಅಂತ ಕುಟ್ಟುತ್ತಾ ಇರುತ್ತದೆ. ತೊಟ್ಟಿಯ ತಳದಲ್ಲಿ ಸಣ್ಣ ಫ್ಲೋಟ್ ಸ್ವಿಚ್, ನೀರು ಮುಗಿದರೆ ಪಂಪ್ ಒಣಗಿ ಓಡದ ಹಾಗೆ. ಈ ಸೆನ್ಸರ್‌ಗಳದ್ದೊಂದು ಗುಣ ತಿಳಿದಿರಲಿ. ಕರೆಂಟ್ ಬಂದ ಕೂಡಲೇ, ಮೊದಲ ಅಳತೆ ಆಗುವ ಮುಂಚೆ ಓದಿದರೆ 85 ಡಿಗ್ರಿ ಅನ್ನುತ್ತದೆ. ತಂತಿ ಬಿಟ್ಟಿದ್ದರೆ ಸೆನ್ಸರ್ ಓದುವ ಸಿದ್ಧ ಕೋಡ್ (ಲೈಬ್ರರಿ) ಮೈನಸ್ 127 ಕೊಡುತ್ತದೆ. ಎರಡನ್ನೂ ಎಸೆಯುವ ಸಾಲು ಪ್ರೋಗ್ರಾಮಿನಲ್ಲಿ ಇರಬೇಕು. ನಮ್ಮಲ್ಲಿ ಮಧ್ಯಾಹ್ನ ಲೈಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಒಣ ಸೆನ್ಸರ್ 85 ಅಂತ ಸುಳ್ಳು ಹೇಳಿದರೆ ಅಂತರ 60 ಆಗಿ, ಮಳೆ ಸುರಿಯುವಾಗಲೂ ಪಂಪ್ ಓಡುತ್ತದೆ.

ಪಂಪನ್ನು ಐದು ನಿಮಿಷ ಓಡಿಸಿ ಮೂರು ನಿಮಿಷ ನಿಲ್ಲಿಸುವ ಟೈಮರ್ ಹಾಕಿದರೆ ಉಳಿತಾಯ ಅಂತ ಹಲವರು ಹೇಳುತ್ತಾರೆ. ನಾನು ಹಾಕಿಲ್ಲ. ಉಳಿಯೋದು 18 ವ್ಯಾಟಿನ ಒಂದು ಪಾಲು. ಆ ಮೂರು ನಿಮಿಷದಲ್ಲಿ ಪ್ಯಾಡಿನ ಅಂಚು ಒಣಗಿ ಸುಣ್ಣ ಅಲ್ಲೇ ಬೇಯುತ್ತದೆ, ಸವಳು ನೀರಿನಲ್ಲಂತೂ ಕೇಳೋದೇ ಬೇಡ. ಓಡುವಾಗ ಧಾರಾಳವಾಗಿ ನೀರು ಹರಿಯಲಿ. ರಾತ್ರಿ ಮಾತ್ರ ಪಂಪ್ ನಿಲ್ಲಿಸಿ ಫ್ಯಾನನ್ನು ಅರ್ಧ ಗಂಟೆ ಹಾಗೇ ಬಿಟ್ಟರೆ ಪ್ಯಾಡ್ ಒಣಗಿ ಪಾಚಿ ಸಾಯುತ್ತದೆ, ಮೀನಿನ ವಾಸನೆ ಬರೋದಿಲ್ಲ. ಲಾವಂಚದ ಬೇರನ್ನು ಒಂದು ಪಟ್ಟಿ ಮಾಡಿ ಪ್ಯಾಡಿನ ಹೊರಗೆ ಸಿಕ್ಕಿಸಿದ್ದೆ. ಮೊದಮೊದಲು ಮನೆಯೆಲ್ಲ ಘಮಘಮ, ಆಮೇಲೆ ವಾಸನೆ ಹೋಯಿತು, ಬೇರು ಗಾಳಿಗೆ ಅಡ್ಡವಾಯಿತು, ತೆಗೆದುಬಿಟ್ಟೆ.

ಇನ್ವರ್ಟರ್ ಇದ್ದವರಿಗೆ ಒಂದು ಮಾತು. 150 ಆಂಪಿಯರ್ ಅವರ್ ಬ್ಯಾಟರಿಯ ಅರ್ಧ ಬಳಸಿದರೆ ಈ ಕೂಲರ್ ಹೆಚ್ಚುಕಡಿಮೆ ನಾಲ್ಕು ಗಂಟೆ ಓಡೀತು, ಅಷ್ಟೇ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಮೋಟಾರ್ ಜೋರಾಗಿ ಗುಂಯ್ಗುಟ್ಟಿ ಬಿಸಿಯಾಗುತ್ತದೆ. ಸೈನ್ ವೇವ್ ಇದ್ದರೆ ಮಾತ್ರ ಹಾಕಿ.

ಭರಣಿ ಮಳೆಗೆ ನಿಜವಾದ ಪರೀಕ್ಷೆ ಬಂತು. ಮಧ್ಯಾಹ್ನವೆಲ್ಲ ಉರಿ, ನಾಲ್ಕಕ್ಕೆ ನೃಪತುಂಗ ಬೆಟ್ಟದ ಕಡೆಯಿಂದ ಕಪ್ಪು ಮೋಡ, ಧೂಳಿನ ಗಾಳಿ, ಅರ್ಧ ತಾಸು ಗುಡುಗು ಮಳೆ. ಮಳೆ ನಿಂತ ಮೇಲೆ ಒಣದ್ದು 31, ಒದ್ದೆಯದು 25. ಅಂತರ 6ರ ಅಂಚಿಗೆ ಬಂದು ಸ್ವಲ್ಪ ಹೊತ್ತಿಗೆ ಇಳಿಯಿತು, ರಿಲೇ ಟಕ್ ಅಂತು, ಪಂಪ್ ನಿಂತಿತು. ಆಗಲೂ ನೀರು ಓಡಿದ್ದರೆ ಫ್ಯಾನಿನ ಮುಂದೆ 26ರ ಗಾಳಿ ಬರುತ್ತಿತ್ತು, ಕೇಳೋಕೆ ಚೆನ್ನ. ಆದರೆ ಅದರ ತೇವ ಶೇಕಡಾ 90ರ ಹತ್ತಿರ. ಅಂಟಂಟು ಅನ್ನುವವರ ಕೂಲರ್ ಇದೇ. ಬರೀ ಫ್ಯಾನ್ ಸಾಕು ಆ ಹೊತ್ತಿಗೆ. ಕಿಟಕಿ ತೆಗೆದರೆ ಅದೂ ಬೇಡ. ಹೊರಗೆ ಮಣ್ಣಿನ ವಾಸನೆ, ಒಳಗೆ ಆಪೂಸ್ ಹಣ್ಣಿನದ್ದು.

ಕೃತ್ತಿಕಾ ಮುಗಿಯುವ ಹೊತ್ತಿಗೆ ಪಂಪ್ ದಿನಕ್ಕೆ ಒಂದೆರಡು ಗಂಟೆ ಓಡಿದರೆ ಹೆಚ್ಚು. ಎತ್ತಿಡುವ ಮೊದಲು ಪ್ಯಾಡುಗಳನ್ನು ತೆಳು ಸಿಟ್ರಿಕ್ ನೀರಿನಲ್ಲಿ ಹರಿಸಿ, ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಗೋಣಿಚೀಲದಲ್ಲಿ ಕಟ್ಟಿದೆ. ಪ್ಲಾಸ್ಟಿಕ್ ಚೀಲ ಆದರೆ ಬೂಷ್ಟು ಹಿಡಿಯುತ್ತದೆ, ಬರೀ ಮೂಲೆಗಿಟ್ಟರೆ ಇಲಿ ಹಲ್ಲು ಹಾಕುತ್ತದೆ. ಪಾಯಖಾನೆ ತೊಳೆಯುವ ಆಸಿಡ್ ಮಾತ್ರ ಪ್ಯಾಡಿಗೂ ತಗಡಿಗೂ ತೋರಿಸಬೇಡಿ. ತೊಟ್ಟಿಯ ತುಕ್ಕಿನ ಮೂಲೆಯನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ ಒಂದು ಕೈ ರೆಡ್ ಆಕ್ಸೈಡ್ ಹೊಡೆದಿದ್ದೇನೆ. ಅದರ ಮೇಲೆ ಎಪಾಕ್ಸಿ ಬಣ್ಣ ಬಾಕಿ, ತಗಡು ಚೆನ್ನಾಗಿ ಬಿಸಿಲು ಕಂಡ ದಿನ ಹೊಡೆಯಬೇಕು. ಉಳಿದ 4 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಮೋಟಾರಿನ ಕಾಲಿಗೇ ಟೇಪ್ ಸುತ್ತಿ ಅಂಟಿಸಿಟ್ಟಿದ್ದೇನೆ.